ಏಳು ಸೆಕೆಂಡಿನ ಕಿಂಡಿ

ಓಟು ಹಾಕಿದ ಅಜ್ಜಿ ಬಾಗಿಲಿನ ಕಡೆ ಹೋಗಲಿಲ್ಲ. ಮರೆಯಿಂದ ಹೊರಬಂದವರೇ ನೇರವಾಗಿ ನನ್ನ ಮೇಜಿನ ಮುಂದೆ ನಿಂತು ಕೈ ಚಾಚಿದರು. ಚೀಟಿ ಕೊಡಿ ಎಂದರು. ಯಾವ ಚೀಟಿ ಎಂದು ನನಗೆ ತಟ್ಟನೆ ಹೊಳೆಯಲಿಲ್ಲ. ಮತ ಯಾರಿಗೆ ಬಿತ್ತೆಂದು ಚೀಟಿ ಅಚ್ಚು ಮಾಡಿ ತೋರಿಸುವ ವಿವಿಪ್ಯಾಟ್ ಯಂತ್ರದ ಕಿಂಡಿಯ ಹಿಂದೆ ದೀಪ ಹತ್ತಿ, ತಾವು ಒತ್ತಿದ ಗುರುತು ಅಚ್ಚಾಗಿ ಬಂದದ್ದನ್ನು ಅವರು ಕಂಡಿದ್ದರು. ಕಂಡದ್ದು ಕೈಗೆ ಬಂದಿರಲಿಲ್ಲ.

"ಬಸ್ಸಿನಲ್ಲಿ ನಾವು ದುಡ್ಡು ಕೊಡದಿದ್ದರೂ ಕಂಡಕ್ಟರ್ ಟಿಕೆಟ್ ಹರಿದು ಕೊಡುತ್ತಾನೆ. ಇಲ್ಲಿ ಓಟು ಕೊಟ್ಟರೂ ಚೀಟಿ ಇಲ್ಲವೇ ಮೇಷ್ಟ್ರೇ?"

ಸಾಲಿನಲ್ಲಿದ್ದವರು ನಕ್ಕರು. ಚೀಟಿಯನ್ನು ಮನೆಗೆ ಕೊಟ್ಟು ಕಳಿಸಿದರೆ ರಾತ್ರಿ ಯಾರಾದರೂ ಬಂದು ತೋರಿಸಿ ಎಂದು ಕೇಳಬಹುದಲ್ಲ ಎಂದೆ. ಅಜ್ಜಿಗೆ ಅಷ್ಟು ಸಾಕಾಯಿತು. "ಹೌದು ಬಿಡಿ, ಕೊಟ್ಟವರು ಲೆಕ್ಕ ಕೇಳುತ್ತಾರೆ" ಎಂದು ತಾವೇ ಮುಗಿಸಿದರು. ಗುಪ್ತ ಮತದಾನ ಯಾಕೆ ಬೇಕು ಎಂದು ಹತ್ತನೆಯ ತರಗತಿಗೆ ಪಾಠ ಹೇಳುವ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಅರ್ಧ ಗಂಟೆ ತೆಗೆದುಕೊಳ್ಳುತ್ತಾರೆ. ಆದರೆ ಹೊರಡುವ ಮುಂಚೆ ಅಜ್ಜಿ ಇನ್ನೊಂದು ಮಾತು ಕೇಳಿದರು. ಆ ಚೀಟಿ ಒಳಗೆ ಬಿದ್ದು ಏನಾಗುತ್ತದೆ?

"ಎಣಿಸುತ್ತಾರೆ ಅಜ್ಜಿ" ಎಂದುಬಿಟ್ಟೆ. "ಕೆಲವನ್ನು" ಎಂಬ ಪದ ಗಂಟಲಲ್ಲೇ ಉಳಿಯಿತು.

ಅದು 2024ರ ಏಪ್ರಿಲ್ 26. ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಮತಗಟ್ಟೆಯ ಅಧ್ಯಕ್ಷಾಧಿಕಾರಿ. ಮೊಬೈಲ್ ಆರಿಸಿಟ್ಟಿದ್ದೆ. ರಾತ್ರಿ ಪೆಟ್ಟಿಗೆಗಳೊಂದಿಗೆ, ಅವನ್ನು ಒಪ್ಪಿಸುವ ಡಿ-ಮಸ್ಟರಿಂಗ್ ಕೇಂದ್ರಕ್ಕೆ ಹೋಗುವ ಬಸ್ಸಿನಲ್ಲಿ ಅದನ್ನು ತೆರೆದಾಗ ಗೊತ್ತಾಯಿತು: ಅಜ್ಜಿಯ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಆ ದಿನವೇ ಉತ್ತರ ಕೊಟ್ಟಿತ್ತು. ಎಲ್ಲ ವಿವಿಪ್ಯಾಟ್ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ನ್ಯಾಯಮೂರ್ತಿಗಳಾದ ಸಂಜೀವ್ ಖನ್ನಾ ಮತ್ತು ದೀಪಂಕರ್ ದತ್ತಾ ಅವರ ಪೀಠ ತಳ್ಳಿಹಾಕಿತ್ತು. 2019ರಲ್ಲಿ ಅದೇ ಕೋರ್ಟ್ ನಿಗದಿ ಮಾಡಿದ್ದಂತೆ, ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಐದು ಮತಗಟ್ಟೆಗಳ ಚೀಟಿ ಎಣಿಸಿದರೆ ಸಾಕು. ಕಾಲಿನ ಬಳಿಯಿದ್ದ ಪೆಟ್ಟಿಗೆಯನ್ನು ನೋಡಿದೆ. ಅಜ್ಜಿಯ ಚೀಟಿ ಅದರಲ್ಲೇ ಇತ್ತು.

ಐದು ಸಾಕೇ? ನಾನು ಗಣಿತದವನು, ಇಂಥದ್ದನ್ನು ಸುಮ್ಮನೆ ಬಿಡಲಾಗುವುದಿಲ್ಲ. ಶಾಲೆ ಶುರುವಾದ ಮೇಲೆ ಒಂದು ಡಬ್ಬಿಗೆ 250 ಹುಣಸೆಬೀಜ ಹಾಕಿ, ಐದಕ್ಕೆ ಸುಣ್ಣ ಬಳಿದು, ಮಕ್ಕಳಿಗೆ ಕಣ್ಣುಮುಚ್ಚಿ ಐದೈದು ಬೀಜ ತೆಗೆಯಿರಿ ಎಂದೆ. ಕ್ಷೇತ್ರದಲ್ಲಿ 250 ಮತಗಟ್ಟೆ, ಅವುಗಳಲ್ಲಿ ಐದು ಕೆಟ್ಟವು ಎಂದು ಲೆಕ್ಕ. ಮೂವತ್ತು ಮಕ್ಕಳಲ್ಲಿ ನಾಲ್ವರಿಗೆ ಮಾತ್ರ ಸುಣ್ಣದ ಬೀಜ ಸಿಕ್ಕಿತು. ಕಾಗದದ ಲೆಕ್ಕವೂ ಅದರ ಹತ್ತಿರವೇ ಬರುತ್ತದೆ: ಕೆಟ್ಟದ್ದು ಕೈಗೆ ಸಿಗುವ ಸಾಧ್ಯತೆ ನೂರಕ್ಕೆ ಹತ್ತು. ಇಷ್ಟು ಕೇಳಿ ಗಾಬರಿಯಾಗುವವರು ಉಳಿದರ್ಧ ಲೆಕ್ಕವನ್ನೂ ಮಾಡಬೇಕು. ಕರ್ನಾಟಕದಲ್ಲಿ 224 ಕ್ಷೇತ್ರಗಳು. ಐದೈದರಂತೆ 1,120 ಮತಗಟ್ಟೆಗಳ ಚೀಟಿ ಎಣಿಕೆಯಾಗುತ್ತದೆ. ರಾಜ್ಯದುದ್ದಕ್ಕೂ ನೂರಕ್ಕೆ ಎರಡು ಯಂತ್ರಗಳನ್ನು ಯಾರಾದರೂ ಕೆಡಿಸಿದ್ದರೆ, ಅಷ್ಟೂ ಎಣಿಕೆಯಲ್ಲಿ ಒಂದೂ ಸಿಕ್ಕಿಬೀಳದೆ ಪಾರಾಗುವ ಸಾಧ್ಯತೆ ಸೊನ್ನೆ ಎಂದೇ ಹೇಳಬಹುದು. ಅಂದರೆ ಇಡೀ ರಾಜ್ಯವನ್ನು ಯಂತ್ರದಿಂದ ಕದಿಯಲಾಗದು ಎಂದು ತೋರಿಸಲು ಈ ಎಣಿಕೆ ಧಾರಾಳವಾಗಿ ಸಾಕು. ನೂರಿನ್ನೂರು ಮತಗಳಲ್ಲಿ ಸೋತ ಒಬ್ಬ ಅಭ್ಯರ್ಥಿಯ ಮುಂದೆ ಇಟ್ಟರೆ ಮಾತ್ರ ಅದು ಬಡಕಲಾಗಿ ಕಾಣುತ್ತದೆ. ಯಂತ್ರವನ್ನು ಬೈಯುವವರೂ ಹೊಗಳುವವರೂ ಒಂದೇ ಅಂಕಿಯನ್ನು ಹಿಡಿದು ಕೂಗಾಡುವುದು ಇದಕ್ಕೇ ಇರಬಹುದು.

ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ, ಓದುವವರಿಗೆ ಅನುಮಾನ ಬೇಡ. ಮತಯಂತ್ರದಿಂದ ಚುನಾವಣೆ ಕದ್ದಿದ್ದಾರೆ ಎಂದು ನಾನು ನಂಬುವುದಿಲ್ಲ. ಹಾಗೆಂದು, ಯಂತ್ರವನ್ನು ನಂಬದವರನ್ನು ದಡ್ಡರೆಂದೂ ಎಣಿಸುವುದಿಲ್ಲ.

ಯಂತ್ರದ ಸುರಕ್ಷತೆಯ ಬಗ್ಗೆ ತರಬೇತಿಯಲ್ಲಿ ಹೇಳುವುದು ಸರಿಯಾಗಿಯೇ ಇದೆ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಎಂಬ ಸರ್ಕಾರಿ ಕಂಪನಿಗಳು ತಯಾರಿಸುವ ಈ ಯಂತ್ರಕ್ಕೆ ಅಂತರ್ಜಾಲವಿಲ್ಲ, ವೈಫೈ ಇಲ್ಲ, ಬ್ಯಾಟರಿಯ ಮೇಲೆ ನಡೆಯುತ್ತದೆ. ಮತಗಳನ್ನು ದಾಖಲಿಸಿಕೊಳ್ಳುವ ಕಂಟ್ರೋಲ್ ಯೂನಿಟ್‌ಗೆ ಪಕ್ಷ ಯಾವುದೆಂದೇ ತಿಳಿಯದು. ಎಷ್ಟನೆಯ ಗುಂಡಿ ಒತ್ತಿದರು ಎಂಬುದಷ್ಟೇ ತಿಳಿಯುತ್ತದೆ. ತಮಾಷೆಯೆಂದರೆ, ಅನುಮಾನ ನೀಗಿಸಲು ತಂದ ವಿವಿಪ್ಯಾಟ್‌ಗೆ ಮಾತ್ರ ಅಭ್ಯರ್ಥಿಗಳ ಹೆಸರು ಮತ್ತು ಚಿಹ್ನೆಯನ್ನು ಹೊರಗಿನಿಂದ ತುಂಬಬೇಕಾಗುತ್ತದೆ. ಹಾಗಾಗಿ ಆ ತುಂಬುವ ಸಾಧನವೇ ಹೊಸ ಅನುಮಾನಕ್ಕೆ ಕಾರಣವಾಯಿತು. 2024ರ ತೀರ್ಪು ಆ ಸಾಧನಗಳನ್ನೂ ಮೊಹರು ಮಾಡಿ 45 ದಿನ ಕಾಪಾಡಬೇಕೆಂದಿತು. ಎರಡನೆಯ, ಮೂರನೆಯ ಸ್ಥಾನದಲ್ಲಿ ಸೋತವರು ಏಳು ದಿನದೊಳಗೆ ಕೇಳಿದರೆ ನೂರಕ್ಕೆ ಐದು ಯಂತ್ರಗಳನ್ನು ತಯಾರಕರ ಎಂಜಿನಿಯರುಗಳಿಂದ ಪರೀಕ್ಷೆ ಮಾಡಿಸಬಹುದು ಎಂದೂ ಹೇಳಿತು.

2010ರಲ್ಲಿ ಹೈದರಾಬಾದಿನ ಎಂಜಿನಿಯರ್ ಹರಿ ಪ್ರಸಾದ್, ಅಮೆರಿಕದ ಅಲೆಕ್ಸ್ ಹಾಲ್ಡರ್‌ಮನ್ ಮತ್ತು ನೆದರ್‌ಲ್ಯಾಂಡ್ಸಿನ ರಾಪ್ ಗೊಂಗ್ರೈಪ್ ಸೇರಿ ನಮ್ಮದೇ ಒಂದು ಹಳೆಯ ಯಂತ್ರವನ್ನು ಬಿಚ್ಚಿ ತೋರಿಸಿದ್ದರು. ಫಲಿತಾಂಶ ತೋರಿಸುವ ಫಲಕವನ್ನು ಕಳಚಿ ನೋಡಲು ಹಾಗೆಯೇ ಇರುವ ಇನ್ನೊಂದನ್ನು ಕೂರಿಸಿದರೆ ಅದು ಬೇಕಾದ ಅಂಕಿ ಹೇಳುತ್ತದೆ. ಯಂತ್ರ ಎಲ್ಲಿಂದ ಬಂತು ಎಂದು ಹೇಳದ ಹರಿ ಪ್ರಸಾದ್ ಆ ವರ್ಷದ ಆಗಸ್ಟ್‌ನಲ್ಲಿ ಬಂಧನಕ್ಕೊಳಗಾದರು. ಬಂಧನ ನನಗೆ ಸರಿ ಕಾಣಲಿಲ್ಲ, ಆದರೆ ಅವರ ಪ್ರಯೋಗದಿಂದ ನಾನು ಕಲಿತದ್ದು ಬೇರೆ. ಅವರಿಗೂ ಯಂತ್ರ ಕೈಗೆ ಸಿಗಬೇಕಿತ್ತು, ಬಿಚ್ಚಲು ಪುರುಸೊತ್ತು ಬೇಕಿತ್ತು. ಹಾಗಾದರೆ ಕಾಯಬೇಕಾದದ್ದು ಬಾಗಿಲು, ಬೀಗ, ದಾರ, ಅರಗು, ಸಹಿ. ಇವೆಲ್ಲ ನಮ್ಮಂಥವರ ಕೈಯಲ್ಲಿವೆ. ನಮ್ಮ ಕೈ ಎಂಥದ್ದು ಎಂದು ನನಗೆ ಗೊತ್ತು.

2023ರ ಮೇ 10ರಂದು ನಾನು ಮೊದಲ ಬಾರಿ ಅಧ್ಯಕ್ಷಾಧಿಕಾರಿ. ರಾತ್ರಿ ಶಾಲೆಯ ಎರಡು ಬೆಂಚು ಜೋಡಿಸಿ ಮಲಗಿದ್ದು, ನಿದ್ದೆ ಬಂದಿರಲಿಲ್ಲ. ಬೆಳಗಿನ ಅಣಕು ಮತದಾನದಲ್ಲಿ ಕನಿಷ್ಠ 50 ಮತ ಹಾಕಿ, ಕ್ಲೋಸ್ ಒತ್ತಿ, ರಿಸಲ್ಟ್ ನೋಡಿ, ಚೀಟಿಗಳನ್ನು ತೆಗೆದು ಎಣಿಸಿ ತಾಳೆ ಹಾಕಿ, ಕ್ಲಿಯರ್ ಒತ್ತಬೇಕು. ಆಮೇಲೆ ಆ ಚೀಟಿಗಳ ಬೆನ್ನಿಗೆ ಅಣಕು ಮತದ ಮುದ್ರೆ ಹಾಕಿ ಕಪ್ಪು ಲಕೋಟೆಯಲ್ಲಿ ಮೊಹರು ಮಾಡಬೇಕು. ಎಣಿಸಿದೆವು, ತಾಳೆಯಾಯಿತು. ಎಣಿಸಿದ ಚೀಟಿಗಳು ಫ್ಯಾನಿನ ಗಾಳಿಗೆ ಹಾರುತ್ತವೆಂದು ಅವನ್ನು ಮತ್ತೆ ವಿವಿಪ್ಯಾಟ್ ಡಬ್ಬಿಗೇ ಹಾಕಿ ಮುಚ್ಚಿದೆ, ಆಮೇಲೆ ತೆಗೆದರಾಯಿತು ಎಂದು. ಆರೂ ಮುಕ್ಕಾಲಾಗಿತ್ತು. ಹೊರಗೆ ಸಾಲು ನಿಂತಿತ್ತು. ಕ್ಲಿಯರ್ ಒತ್ತಿದೆ, ಹಸಿರು ಕಾಗದದ ಮೊಹರಿನ ಬಿಳಿ ಬೆನ್ನಿಗೆ ಅಭ್ಯರ್ಥಿಗಳ ಏಜೆಂಟರಿಂದ ಸಹಿ ಹಾಕಿಸಿದೆ, ಕಂಟ್ರೋಲ್ ಯೂನಿಟ್ ಮುಗಿಸಿ ವಿವಿಪ್ಯಾಟ್ ಡಬ್ಬಿಯ ಮೇಲೆ ಅರಗು ಸುರಿಯಲು ಮೇಣದಬತ್ತಿ ಎತ್ತಿಕೊಂಡೆ.

"ಸರ್, ಚೀಟಿ ಅದರ ಹೊಟ್ಟೆಯಲ್ಲೇ ಇವೆ."

ಒಬ್ಬ ಪಕ್ಷೇತರನ ಏಜೆಂಟ್, ಇಪ್ಪತ್ತೆರಡು ವರ್ಷದ ಹುಡುಗ. ಅವನ ಅಭ್ಯರ್ಥಿಗೆ ಠೇವಣಿ ಉಳಿಯುವುದಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು, ಅವನಿಗೂ. ಆದರೂ ಕತ್ತು ಉದ್ದ ಮಾಡಿಕೊಂಡು ನಾನು ಮಾಡುವುದನ್ನೆಲ್ಲ ನೋಡುತ್ತಲೇ ಇದ್ದ. ಅವನು ಬಾಯಿ ಬಿಡದಿದ್ದರೆ ಸಂಜೆ ಆ ಡಬ್ಬಿಯಲ್ಲಿ ಚಲಾವಣೆಯಾದ ಮತಕ್ಕಿಂತ 50 ಚೀಟಿ ಹೆಚ್ಚಿರುತ್ತಿದ್ದವು. ಎಣಿಕೆಯ ದಿನ ನಮ್ಮ ಮತಗಟ್ಟೆಯ ಹೆಸರೇ ಲಾಟರಿಯಲ್ಲಿ ಎದ್ದಿದ್ದರೆ ಸಂಜೆಯ ಟಿವಿಯಲ್ಲಿ ಏನು ಬರುತ್ತಿತ್ತು ಎಂದು ನೆನೆದರೆ ಈಗಲೂ ಮೈ ಬೆವರುತ್ತದೆ. ಇದು ನನ್ನೊಬ್ಬನ ಎಡವಟ್ಟೂ ಅಲ್ಲ. 41 ಸಾವಿರಕ್ಕೂ ಹೆಚ್ಚು ವಿವಿಪ್ಯಾಟ್‌ಗಳ ತಾಳೆಯಲ್ಲಿ ವ್ಯತ್ಯಾಸ ಕಂಡದ್ದು ಒಂದೇ ಕಡೆ ಎಂದು ಚುನಾವಣಾ ಆಯೋಗ ಸುಪ್ರೀಂ ಕೋರ್ಟಿಗೆ ಲೆಕ್ಕ ಕೊಟ್ಟಿತ್ತು. 2019ರಲ್ಲಿ, ಆಂಧ್ರದ ಮೈದುಕೂರಿನಲ್ಲಿ. ಅಣಕು ಮತಗಳನ್ನು ಅಳಿಸಲು ಯಾರೋ ನನ್ನಂಥವರು ಮರೆತಿದ್ದರು.

ನಾನು ಬೆವರೊರೆಸಿಕೊಳ್ಳುತ್ತಿದ್ದ ಅದೇ ದಿನ, ವಿಜಯಪುರ ಜಿಲ್ಲೆಯ ಮಸಬಿನಾಳದಲ್ಲಿ ಜನ ಒಂದು ವಾಹನವನ್ನು ಅಡ್ಡಗಟ್ಟಿ ಒಳಗಿದ್ದ ಯಂತ್ರಗಳನ್ನು ನೆಲಕ್ಕೆ ಅಪ್ಪಳಿಸಿ ಒಡೆದರು. ಮತದಾನ ಮುಗಿಯುವ ಮುಂಚೆಯೇ ಯಂತ್ರ ಸಾಗಿಸುತ್ತಿದ್ದಾರೆ ಎಂಬ ಸುದ್ದಿ ಊರಲ್ಲಿ ಹಬ್ಬಿತ್ತು. ಅವು, ಮತಗಟ್ಟೆಯ ಯಂತ್ರ ಕೆಟ್ಟುಹೋದರೆ ಬದಲಿಸಲೆಂದು ಸೆಕ್ಟರ್ ಅಧಿಕಾರಿ ಒಯ್ಯುವ ಹೆಚ್ಚುವರಿ ಯಂತ್ರಗಳು. ಅದರಲ್ಲಿ ಒಂದು ಮತವೂ ಇರಲಿಲ್ಲ. ಒಡೆದವರನ್ನು ಪೊಲೀಸರು ಬಂಧಿಸಿದರು, ಕಾನೂನಿನಂತೆ ಅದು ಸರಿಯೇ. ಆದರೆ ಹೆಚ್ಚುವರಿ ಯಂತ್ರ ಎಂಬುದೊಂದು ಇರುತ್ತದೆ ಎಂದು ಆ ಊರಿನವರಿಗೆ ಹಿಂದಿನ ದಿನ ಯಾರಾದರೂ ಡಂಗುರ ಹೊಡೆಸಿ ಹೇಳಿದ್ದರೇ ಎಂದು ನಾನು ಕೇಳಿಕೊಳ್ಳುತ್ತೇನೆ. ನಮ್ಮ ಊರುಗಳಲ್ಲಂತೂ ಹೇಳಿದ್ದನ್ನು ನಾನು ಕಂಡಿಲ್ಲ.

ಮೈಸೂರಿನ ಶಾಯಿಯನ್ನು ನೋಡಿ. 1962ರ ಚುನಾವಣೆಯಿಂದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ ಅದನ್ನು ಇಡೀ ದೇಶಕ್ಕೆ ಕಳಿಸುತ್ತಿದೆ. ಅದರ ಪಾಕ ಗುಟ್ಟು, ನಮಗ್ಯಾರಿಗೂ ತಿಳಿಯದು. ಆದರೂ ಅದಕ್ಕಾಗಿ ವಾಹನ ಅಡ್ಡಗಟ್ಟುವವರಿಲ್ಲ. ಬೇಕಾದರೆ ಮನೆಗೆ ಹೋಗಿ ಸುಣ್ಣ, ನಿಂಬೆಹಣ್ಣು, ಸೀಮೆಎಣ್ಣೆ ಎಲ್ಲ ಹಾಕಿ ಉಜ್ಜಿ ನೋಡಬಹುದು. ಗುರುತು ನಮ್ಮ ಉಗುರಿನ ಮೇಲೇ ಇದೆ. ಯಂತ್ರದಲ್ಲಿ ನಮ್ಮ ಪಾಲಿಗೆ ಇರುವುದು ಒಂದು ಬೀಪ್ ಸದ್ದು, ಏಳು ಸೆಕೆಂಡಿನ ಕಿಂಡಿ. ಕಿಂಡಿಯಲ್ಲಿ ಬೇರೆ ಗುರುತು ಕಂಡಿತೆಂದು ಹೇಳಿದರೆ? ನಾನು ಆ ಮತದಾರನಿಂದ ಘೋಷಣೆ ಬರೆಸಿಕೊಂಡು, ಎಲ್ಲರ ಮುಂದೆ ಪರೀಕ್ಷಾ ಮತ ಹಾಕಿಸಬೇಕು. ಆಗ ಸರಿಯಾಗಿ ಬಂದರೆ, ದೂರು ಸುಳ್ಳು. ಆರು ತಿಂಗಳ ಸೆರೆ ಅಥವಾ ದಂಡ, ಇಲ್ಲವೇ ಎರಡೂ ಆಗಬಹುದು ಎಂದು ಮೊದಲೇ ಎಚ್ಚರಿಸಬೇಕು. ನಮ್ಮ ಮನೆಯ ಮಿಕ್ಸಿ ಕೂಡ ರಿಪೇರಿಯವನ ಮುಂದೆ ಯಾವತ್ತೂ ಕೆಟ್ಟು ತೋರಿಸಿಲ್ಲ. ಈ ಒಂದು ನಿಯಮ ಓದಿ ಹೇಳುವಾಗ ನನಗೆ ನಾಚಿಕೆಯಾಗುತ್ತದೆ.

ನಂಬಿಕೆಯ ಪ್ರಶ್ನೆಯನ್ನು ಗೆದ್ದವರು ಎತ್ತುವುದಿಲ್ಲ. ಎತ್ತುವವನು ಸೋತವನು. 1982ರ ಮೇ ತಿಂಗಳಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ದೇಶದ ಮೊದಲ ಯಂತ್ರ ಮತದಾನ ನಡೆದಾಗಲೇ ಸೋತ ಎ.ಸಿ. ಜೋಸ್ ಕೋರ್ಟಿಗೆ ಹೋದರು. ಕಾನೂನಿನಲ್ಲಿ ಯಂತ್ರಕ್ಕೆ ಅವಕಾಶವೇ ಇಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟ್ ಆ 50 ಕಡೆ ಕಾಗದದಲ್ಲಿ ಮರುಮತದಾನ ಮಾಡಿಸಿತು. ಜೋಸ್ ಗೆದ್ದರು. ಆಮೇಲೆ ಸಂಸತ್ತು ಕಾನೂನನ್ನೇ ತಿದ್ದಬೇಕಾಯಿತು.

ನಮ್ಮ ಸಂತೇಮರಹಳ್ಳಿಯ ಕಥೆ ಎಲ್ಲರಿಗೂ ಗೊತ್ತು. 2004ರಲ್ಲಿ ಆರ್. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಪ್ರತಿ ತರಬೇತಿಯಲ್ಲೂ ಒಂದು ಮತದ ಬೆಲೆ ಹೇಳಲು ಈ ಅಂಕಿ ಬರುತ್ತದೆ. ನಾನು ಯೋಚಿಸುವುದು ಬೇರೆ. ಅಂದು ವಿವಿಪ್ಯಾಟ್ ಇರಲಿಲ್ಲ. ಆ ಒಂದು ಮತವನ್ನು ಇನ್ನೊಮ್ಮೆ ಎಣಿಸಿ ಎಂದರೆ ಯಂತ್ರದ ಮಟ್ಟಿಗೆ ಏನು ಮಾಡಬಹುದಿತ್ತು? ರಿಸಲ್ಟ್ ಗುಂಡಿಯನ್ನು ಇನ್ನೊಮ್ಮೆ ಒತ್ತಬಹುದಿತ್ತು. ಅದೇ ಅಂಕಿ ಅದೇ ಬೆಳಕಿನಲ್ಲಿ ಬರುತ್ತಿತ್ತು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಸಿ.ಕೆ. ರಾಮಮೂರ್ತಿ 16 ಮತಗಳಿಂದ ಸೌಮ್ಯಾ ರೆಡ್ಡಿಯವರ ಎದುರು ಗೆದ್ದ ರಾತ್ರಿ, ತಡರಾತ್ರಿಯವರೆಗೂ ಜಗಳ ನಡೆದದ್ದು ಯಾವುದರ ಮೇಲೆ? ತಿರಸ್ಕೃತವಾಗಿದ್ದ ಅಂಚೆ ಮತಗಳ ಮೇಲೆ. ಜಗಳ ಕಾಯಲು ಕಣ್ಣಿಗೆ ಕಾಣುವ ವಸ್ತು ಅದೊಂದೇ ಇತ್ತು.

ಜರ್ಮನಿಯ ಸಂವಿಧಾನ ನ್ಯಾಯಾಲಯ 2009ರ ಮಾರ್ಚ್ 3ರಂದು ಇದನ್ನೇ ಹಿಡಿದುಕೊಂಡಿತು. 2005ರ ಸಂಸತ್ ಚುನಾವಣೆಯಲ್ಲಿ ಬಳಸಿದ ಮತಯಂತ್ರಗಳಲ್ಲಿ ಮೋಸವಾಗಿದೆ ಎಂದು ಅದು ಹೇಳಲಿಲ್ಲ. ಎಣಿಕೆಯ ಮುಖ್ಯ ಹಂತಗಳನ್ನು ತಾಂತ್ರಿಕ ಪರಿಣತಿಯಿಲ್ಲದ ಸಾಮಾನ್ಯ ಪ್ರಜೆ ಪರೀಕ್ಷಿಸಿ ನೋಡುವಂತಿರಬೇಕು, ಅದಾಗದ ಯಂತ್ರ ಸಂವಿಧಾನಕ್ಕೆ ಒಪ್ಪದು ಎಂದಿತು. ನಮ್ಮ ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು ಬರೆದ ತೀರ್ಪಿನಂತಿದೆ. ನಮ್ಮಷ್ಟು ಜನ, ನಮ್ಮಷ್ಟು ಅಭ್ಯರ್ಥಿಗಳು ಅವರಿಗಿಲ್ಲ ಎಂಬುದೂ ನಿಜ. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರ ಒಂದಕ್ಕೇ 456 ಜನ ನಿಂತಿದ್ದರು. ಅಷ್ಟು ಹೆಸರಿನ ಮತಪತ್ರವನ್ನು ಬಿಡಿಸಿ, ಗುರುತು ಹುಡುಕಿ, ಮೊಹರೊತ್ತಿ, ಮತ್ತೆ ಮಡಿಸಿ ಪೆಟ್ಟಿಗೆಗೆ ತುರುಕುವ ಮುದುಕರನ್ನು ನೆನೆದರೆ ಯಂತ್ರ ಕಂಡುಹಿಡಿದವರಿಗೆ ಕೈ ಮುಗಿಯಬೇಕೆನಿಸುತ್ತದೆ.

ಕಾಗದದ ಎಣಿಕೆಯನ್ನೂ ನಾನು ಮಾಡಿದ್ದೇನೆ. 2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆ ಬೀದರ್ ಜಿಲ್ಲೆ ಬಿಟ್ಟರೆ ಉಳಿದೆಡೆ ಮತಪತ್ರದಲ್ಲೇ ನಡೆಯಿತು. ಡಿಸೆಂಬರ್ 30ರ ಎಣಿಕೆಯಲ್ಲಿ ನಾನು ಒಂದು ಟೇಬಲ್ಲಿಗೆ ಸಹಾಯಕ. ಎರಡು ಮತಗಳ ಅಂತರಕ್ಕೆ ಬಂದು ನಿಂತಿದ್ದ ಒಂದು ವಾರ್ಡಿನಲ್ಲಿ ಒಂದು ಮತಪತ್ರ ಎದ್ದಿತು. ಮೊಹರಿನ ಗುರುತು ಆಟೋ ಮತ್ತು ಹೊಲಿಗೆ ಯಂತ್ರದ ನಡುವಿನ ಗೆರೆಯ ಮೇಲೆ ಸರಿಯಾಗಿ ಕುಳಿತಿತ್ತು. ಆಟೋದವರು ಮುಕ್ಕಾಲು ಭಾಗ ತಮ್ಮ ಕಡೆ ಎಂದರು. ಹೊಲಿಗೆ ಯಂತ್ರದವರು ಶಾಯಿ ಗಾಢವಾಗಿರುವುದು ತಮ್ಮ ಮನೆಯಲ್ಲಿ ಎಂದರು. ಯಾರೋ ಅಡಿಪಟ್ಟಿ ತರಲು ಓಡಿದರು. ಮುಟ್ಟಬೇಡಿ ಮುಟ್ಟಬೇಡಿ ಎಂದು ಪೊಲೀಸರು, ಮುಟ್ಟುತ್ತಿಲ್ಲ ನೋಡುತ್ತಿದ್ದೇವೆ ಎಂದು ಇವರು. ಒಂದು ಗಂಟೆ ಕಾಲ ಆ ಒಂದು ಕಾಗದದ ಮೇಲೆ ಎಂಟು ತಲೆಗಳು ಬಾಗಿದ್ದವು. ಕೊನೆಗೆ ಚುನಾವಣಾಧಿಕಾರಿ ತಿರಸ್ಕರಿಸಿದರು. ಸೋತವನು ನಮ್ಮೆಲ್ಲರ ವಂಶವನ್ನೂ ಬೈದ, ನೀರು ಕುಡಿದ, ಫಲಿತಾಂಶದ ಹಾಳೆಗೆ ಸಹಿ ಹಾಕಿ ಹೋದ. ಮೋಸವಾಯಿತು ಎಂದು ಅವನು ಊರಿನಲ್ಲಿ ಹೇಳಲಿಲ್ಲ. ನನ್ನ ಕಡೆಯ ಯಾವನೋ ಕತ್ತೆ ಗೆರೆಯ ಮೇಲೆ ಒತ್ತಿದ ಎಂದು ಹೇಳುತ್ತ ತಿರುಗಿದನಂತೆ.

ಇದನ್ನು ಹೇಳಿದ ಕೂಡಲೇ ಹಾಗಾದರೆ ಮತಪತ್ರವೇ ಬರಲಿ ಎನ್ನುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟವೂ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರ ಬಳಸಲು ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಲು ತೀರ್ಮಾನಿಸಿತು. ಪೆಟ್ಟಿಗೆಗೆ ಶಾಯಿ ಸುರಿದ, ಮತಗಟ್ಟೆಗೆ ನುಗ್ಗಿ ಕಟ್ಟುಗಟ್ಟಲೆ ಮೊಹರೊತ್ತಿದ ಕಾಲವನ್ನು ಮರೆತವರಿಗೆ ಅದು ಸುಲಭವಾಗಿ ಕಾಣುತ್ತದೆ. ನನಗೆ ಬೇಕಾದದ್ದು ಅಷ್ಟು ದೊಡ್ಡದಲ್ಲ. ಯಂತ್ರ ಇರಲಿ. ಅಂತರ ಕಡಿಮೆಯಿರುವ ಕ್ಷೇತ್ರದಲ್ಲಿ, ಸೋತವನು ಕೇಳಿದರೆ, ಡಬ್ಬಿಯಲ್ಲಿ ಹೇಗೂ ಬಿದ್ದಿರುವ ಚೀಟಿಗಳನ್ನು ಅವನ ಮುಂದೆ ಸುರಿದು ಎಣಿಸಲಿ. ಎರಡು ದಿನ ತಡವಾದರೆ ಯಾರ ಗಂಟೂ ಹೋಗುವುದಿಲ್ಲ. ಹಲವು ಸುತ್ತಿನ ಮತದಾನ ಮುಗಿಯಲೆಂದು ವಾರಗಟ್ಟಲೆ ಕಾಯುವ ದೇಶ ಇದು.

ಈಗಂತೂ ಜಗಳ ಯಂತ್ರದಿಂದ ಮತದಾರರ ಪಟ್ಟಿಗೆ ಸರಿದಿದೆ. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ಚುನಾವಣೆಗೆ ಮುಂಚೆ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ ಬಂದ 6,018 ಅರ್ಜಿಗಳಲ್ಲಿ ಸರಿಯಿದ್ದವು 24 ಮಾತ್ರ. ಅದು ಹೊರಬಿದ್ದದ್ದು ಒಬ್ಬ ಬೂತ್ ಮಟ್ಟದ ಅಧಿಕಾರಿಗೆ ಆ ಅರ್ಜಿಗಳಲ್ಲಿ ತಮ್ಮ ಸಂಬಂಧಿಕರದೇ ಹೆಸರು ಕಂಡಿದ್ದರಿಂದ. ಪಕ್ಷೇತರನ ಆ ಹುಡುಗನ ಕತ್ತು ನೆನಪಾಗುತ್ತದೆ.

ಆದರೆ ಅಂಥ ಹುಡುಗರು ಕಡಿಮೆಯಾಗುತ್ತಿದ್ದಾರೆ. 2024ರಲ್ಲಿ ನನ್ನ ಮತಗಟ್ಟೆಗೆ ಐದೂವರೆಗೆ ಒಬ್ಬನೂ ಏಜೆಂಟ್ ಬಂದಿರಲಿಲ್ಲ. ನಿಯಮದಂತೆ ಹದಿನೈದು ನಿಮಿಷ ಕಾದೆ. ಇಬ್ಬರು ಕಣ್ಣುಜ್ಜಿಕೊಂಡು ಬಂದರು, ಉಪ್ಪಿಟ್ಟು ಎಷ್ಟು ಹೊತ್ತಿಗೆ ಎಂದು ಕೇಳಿದರು. ಸಂಜೆ 17ಸಿ ನಮೂನೆ ಬರೆದೆ. ಎಷ್ಟು ಜನ ಓಟು ಹಾಕಿದರು, ಯಂತ್ರದಲ್ಲಿ ಎಷ್ಟಿದೆ, ಮೊಹರಿನ ಸಂಖ್ಯೆ ಏನು, ಎಲ್ಲ ಇರುವ ಹಾಳೆ. ಎಣಿಕೆಯ ದಿನ ಯಂತ್ರ ಬದಲಾಗಿದೆಯೇ ಎಂದು ಹಿಡಿಯಲು ಸೋತವನ ಕೈಯಲ್ಲಿರುವ ಆಯುಧ ಅದು. ಒಬ್ಬ ಓದದೆ ಸಹಿ ಹಾಕಿ, ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ತುರುಕಿ, ಬೀಡಿ ಹಚ್ಚಿಕೊಂಡು ಹೋದ. ಇನ್ನೊಬ್ಬ ಆಗಲೇ ಮನೆಗೆ ಹೋಗಿದ್ದ. ಅವನ ಪ್ರತಿಯನ್ನು ನಾನೇ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ.

ನನ್ನ ಸ್ವಂತ ಓಟಿನ ವಿಷಯವನ್ನೂ ಹೇಳಬೇಕು. ಹೆಸರಿರುವುದು ಹಾಸನ ಕ್ಷೇತ್ರದ ಹುಟ್ಟೂರಿನಲ್ಲಿ, ಕೆಲಸ ತುಮಕೂರು ಜಿಲ್ಲೆಯಲ್ಲಿ. ಹಾಗಾಗಿ ನನ್ನದು ಅಂಚೆ ಮತ. ತರಬೇತಿ ಕೇಂದ್ರದಲ್ಲಿ ಕಾಗದಕ್ಕೆ ಗುರುತು ಹಾಕಿ, ಸಣ್ಣ ಲಕೋಟೆಗೆ ಹಾಕಿ ಅಂಟಿಸಿ, ಘೋಷಣಾ ಪತ್ರಕ್ಕೆ ಅಧಿಕಾರಿಯ ಮುಂದೆ ಸಹಿ ಮಾಡಿ, ಎರಡನ್ನೂ ದೊಡ್ಡ ಲಕೋಟೆಗೆ ಹಾಕಿ ಪೆಟ್ಟಿಗೆಗೆ ಬಿಟ್ಟೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಪಕ್ಕದ ಮೇಷ್ಟ್ರು, ಘೋಷಣಾ ಪತ್ರದ ಕೆಳಗೆ ಆ ಅಧಿಕಾರಿ ತಮ್ಮ ಸಹಿಯ ಜೊತೆ ಮೊಹರು ಹಾಕಿದರೇ ಎಂದು ಕೇಳಿದರು. ನಾನು ನೋಡಿರಲಿಲ್ಲ. ಎದ್ದು ಹೋಗಿ ಕೇಳಿದೆ. ಅಷ್ಟು ಹೊತ್ತಿಗೆ ಪೆಟ್ಟಿಗೆಗೆ ಅರಗು ಬಿದ್ದಾಗಿತ್ತು. ಎಲ್ಲ ಸರಿಯಾಗಿರುತ್ತದೆ ಹೋಗಿ ಸರ್ ಎಂದರು. ಆಮೇಲೆ ಮತದಾನದ ದಿನ ಅಜ್ಜಿಗೆ ನಾನು ಹೇಳಿದ್ದೂ ಅದೇ ದನಿಯಲ್ಲಿ.